ಔಷಧಿಗೆ ನಿರ್ಬಂಧವೇ ಇಲ್ಲ ಅಂದಮೇಲೆ ಇರಾನಿನಲ್ಲಿ ಔಷಧಿ ಯಾಕೆ ಸಿಗುವುದಿಲ್ಲ?

ಸುಬ್ಬು_ಸರಸ್ವತೀಪುರಂ
ನಮ್ಮ ಮಹಡಿ ಮನೆಯಲ್ಲಿ ಹಿಂದೆ ಇರಾನಿನ ಹುಡುಗನೊಬ್ಬ ಬಾಡಿಗೆಗೆ ಇದ್ದ. ಮೈಸೂರಿನಲ್ಲಿ ಓದಿದವರಿಗೆ ಗೊತ್ತು, ಒಂದು ಕಾಲದಲ್ಲಿ ಇಲ್ಲಿ ಇರಾನಿ ವಿದ್ಯಾರ್ಥಿಗಳು ಜಾಸ್ತಿ. ಈಗ ಅವನು ಊರಲ್ಲೇ ಇದ್ದಾನೆ, ಆಗಾಗ ಮೆಸೇಜ್ ಮಾಡುತ್ತಾನೆ. ಅವನ ತಂಗಿಯ ಮಗುವಿಗೆ ಥಲಸ್ಸೇಮಿಯಾ. ರಕ್ತ ಕೊಡಿಸುತ್ತಲೇ ಇರಬೇಕು, ಜೊತೆಗೆ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣದ ಅಂಶ ಇಳಿಸಲು ಔಷಧಿ ಬೇಕು. ರಕ್ತಕ್ಕೆ ತೊಂದರೆ ಇಲ್ಲ, ಆ ಔಷಧಿಯೇ ಸಿಗುತ್ತಿಲ್ಲವಂತೆ. ಅಲ್ಲೇ ತಯಾರಾದದ್ದು ಮಗುವಿಗೆ ಒಗ್ಗುತ್ತಿಲ್ಲ. "ಅಂಕಲ್, ಮೈಸೂರಿಂದ ಕಳಿಸಬಹುದಾ" ಅಂತ ಕೇಳಿದ.

ನಾನು ನೆಟ್‌ನಲ್ಲಿ ಹುಡುಕಿದೆ. ಅಮೆರಿಕದ ನಿಯಮದಲ್ಲೇ ಆಹಾರ, ಔಷಧಿ, ವೈದ್ಯಕೀಯ ಉಪಕರಣಕ್ಕೆ ವಿನಾಯಿತಿ ಇದೆ. ಹಾಗಾದರೆ ತಡೆಯುತ್ತಿರುವವರು ಯಾರು? ಇವರು ಸುಳ್ಳು ಹೇಳುತ್ತಿದ್ದಾರಾ, ಅವರಾ? ರಾಜಕೀಯ ಮಾತಾಡಬೇಡಿ ಅನ್ನುವುದಿಲ್ಲ, ಆದರೆ ಮೊದಲು ಪ್ರಶ್ನೆಗೆ ಉತ್ತರ ಕೊಟ್ಟು ಆಮೇಲೆ ಜಗಳ ಆಡಿ.

ನಿಜ_ಹೇಳ್ತೀನಿ
ಅಣುಬಾಂಬಿನ ಆಸೆ ಬಿಟ್ಟರೆ ಔಷಧಿ ಬರುತ್ತದೆ. ಇದರಲ್ಲಿ ಏನು ಗೊಂದಲ?

ಗೋಡಂಬಿ
ಬಾಂಬ್ ಮಾಡುತ್ತಿರುವುದು ಆ ಮಗುನಾ ಸರ್?

ಮಾತ್ರೆ_ವ್ಯಾಪಾರಿ
ನಾನು ಬೆಂಗಳೂರಿನಲ್ಲಿ ಔಷಧಿ ರಫ್ತಿನ ಕೆಲಸದಲ್ಲಿ ಇದ್ದೇನೆ. ಇರಾನ್ ಫೈಲ್ ನನ್ನ ಟೇಬಲ್ ಮೇಲೇ ಇತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಗದದ ಮೇಲೆ ವಿನಾಯಿತಿ ಇರುವುದು ನಿಜ. ಆದರೆ ಔಷಧಿ ಒಂದೇ ಹೋದರೆ ಸಾಲದು, ದುಡ್ಡು ವಾಪಸ್ ಬರಬೇಕು, ಹಡಗು ಹತ್ತಬೇಕು, ವಿಮೆ ಆಗಬೇಕು. ಈ ಮೂರರಲ್ಲಿ ಯಾವುದಕ್ಕೂ ನೇರ ನಿಷೇಧ ಇಲ್ಲದಿದ್ದರೂ ಯಾರೂ ಮುಂದೆ ಬರುವುದಿಲ್ಲ. ಕಾರಣ ಭಯ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕಿಗೆ ಅಮೆರಿಕ ಸುಮಾರು 890 ಕೋಟಿ ಡಾಲರ್ ದಂಡ ಹಾಕಿತು. ಸುಡಾನ್, ಇರಾನ್, ಕ್ಯೂಬಾ ಜೊತೆ ವ್ಯವಹಾರ ಮಾಡಿದ್ದಕ್ಕೆ. ಅದನ್ನು ನೋಡಿದ ಮೇಲೆ ಯಾವ ಬ್ಯಾಂಕ್ ಮ್ಯಾನೇಜರ್ ನಲವತ್ತು ಲಕ್ಷದ ಮಾತ್ರೆ ಬಿಲ್‌ಗೆ ತಲೆ ಕೊಡುತ್ತಾನೆ? ಸಿಗುವ ಕಮಿಷನ್ ಎಷ್ಟು, ಬರಬಹುದಾದ ತಲೆನೋವು ಎಷ್ಟು!

ನಮ್ಮದೇ ಒಂದು ಆರ್ಡರ್ ಹೀಗಾಯಿತು. ಸರಕು ರೆಡಿ, ಆ ದೇಶದ ನೋಂದಣಿ ಇದೆ, ಖರೀದಿಸುವವರು ನಿಷೇಧ ಪಟ್ಟಿಯಲ್ಲಿ ಇಲ್ಲ. ಬ್ಯಾಂಕ್ ಮೊದಲು ಖರೀದಿದಾರರ ಮಾಲೀಕರು ಯಾರು ಅಂತ ಕೇಳಿತು. ಕೊಟ್ಟೆವು. ಆಮೇಲೆ ಅವರ ಬ್ಯಾಂಕಿನ ಮಾಲೀಕರು ಯಾರು ಅಂತ ಕೇಳಿತು. ಅದನ್ನೂ ಕೊಟ್ಟೆವು. ಕೊನೆಗೆ "ನಮ್ಮ ಒಳಗಿನ ನೀತಿ ಪ್ರಕಾರ ಆಗುವುದಿಲ್ಲ" ಅಂತ ಒಂದು ಸಾಲಿನ ಮೇಲ್. ಅಷ್ಟರಲ್ಲಿ ಸರಕಿನ ಎಕ್ಸ್‌ಪೈರಿ ಹತ್ತಿರ ಬಂದಿತ್ತು, ಬೇರೆ ಕಡೆ ಕಡಿಮೆ ರೇಟಿಗೆ ಕೊಟ್ಟೆವು. ಇದರಲ್ಲಿ ಯಾರೂ ಕಾನೂನು ಮುರಿಯಲಿಲ್ಲ, ಯಾರೂ ಔಷಧಿಯನ್ನು ನಿಷೇಧಿಸಲಿಲ್ಲ.

ಸುಬ್ಬು_ಸರಸ್ವತೀಪುರಂ
ಇದು ನನಗೆ ಬೇಕಾಗಿದ್ದ ಉತ್ತರ. ಧನ್ಯವಾದ ಸರ್. ಆದರೆ ರೂಪಾಯಿಯಲ್ಲಿ ವ್ಯವಹಾರ ಮಾಡಿದರೆ ಡಾಲರ್ ಗೊಡವೆಯೇ ಇಲ್ಲ ಅಲ್ವಾ? ಹಿಂದೆ ಅಂಥದ್ದೊಂದು ವ್ಯವಸ್ಥೆ ಇತ್ತು ಅಂತ ಪೇಪರಿನಲ್ಲಿ ಓದಿದ ನೆನಪು.

ಮಾತ್ರೆ_ವ್ಯಾಪಾರಿ
ಇತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ನಾವು ಇರಾನಿನಿಂದ ಕೊಂಡ ತೈಲದ ದುಡ್ಡನ್ನು ಯೂಕೋ ಬ್ಯಾಂಕಿನ ರೂಪಾಯಿ ಖಾತೆಗೆ ಹಾಕುವುದು. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ, ಚಹಾ, ಔಷಧಿ ಕೊಳ್ಳುವುದು. 2012ರಲ್ಲಿ ಶುರುವಾಗಿದ್ದು. 2018ರ ಮೇನಲ್ಲಿ ಟ್ರಂಪ್ ಇರಾನ್ ಜೊತೆಗಿನ 2015ರ ಅಣು ಒಪ್ಪಂದದಿಂದ ಹೊರಬಂದರು, ನವೆಂಬರಿನಲ್ಲಿ ತೈಲದ ಮೇಲೆ ಮತ್ತೆ ನಿರ್ಬಂಧ. ಭಾರತಕ್ಕೆ ಆರು ತಿಂಗಳ ರಿಯಾಯಿತಿ ಸಿಕ್ಕಿತ್ತು, ಅದು 2019ರ ಮೇನಲ್ಲಿ ಮುಗಿಯಿತು. ನಾವು ತೈಲ ಕೊಳ್ಳುವುದು ನಿಲ್ಲಿಸಿದೆವು. ತೈಲ ನಿಂತಮೇಲೆ ಆ ಖಾತೆಗೆ ಹೊಸ ರೂಪಾಯಿ ಎಲ್ಲಿಂದ ಬರಬೇಕು? ಇದ್ದದ್ದು ಖರ್ಚಾಗುತ್ತಾ ಬಂತು. ನಿರ್ಬಂಧ ಇದ್ದದ್ದು ತೈಲಕ್ಕೆ, ಪೆಟ್ಟು ಬಿದ್ದದ್ದು ಔಷಧಿಗೆ. ವಿನಾಯಿತಿ ಪತ್ರ ಓದಿದರೆ ಇದು ಕಾಣುವುದಿಲ್ಲ.

ಪಣಂಬೂರು_ಪಯಣಿಗ
ಮಂಗಳೂರಿನವರಿಗೆ ಇದು ಹೊಸದಲ್ಲ ಮಾರಾಯ್ರೆ. ನಮ್ಮ ಎಂಆರ್‌ಪಿಎಲ್ ರಿಫೈನರಿ ಒಂದು ಕಾಲದಲ್ಲಿ ಇಡೀ ದೇಶದಲ್ಲೇ ಇರಾನ್ ತೈಲದ ದೊಡ್ಡ ಗಿರಾಕಿ. 2013ರಲ್ಲಿ ಕೆಲವು ತಿಂಗಳು ಅದು ಇರಾನ್ ತೈಲ ತರಿಸುವುದನ್ನೇ ನಿಲ್ಲಿಸಿತ್ತು. ತೈಲ ಕೊಳ್ಳಬಾರದು ಅಂತ ಭಾರತ ಸರ್ಕಾರ ಹೇಳಿರಲಿಲ್ಲ. ಇರಾನ್ ತೈಲ ಸಂಸ್ಕರಿಸುವ ರಿಫೈನರಿಗೆ ವಿಮೆ ಸಿಗುವುದು ಕಷ್ಟವಾಗಿತ್ತು, ಯಾಕೆಂದರೆ ವಿಮೆ ಕಂಪನಿಗಳಿಗೆ ಮರುವಿಮೆ ಕೊಡುವವರು ಯುರೋಪಿನವರು. ಅಷ್ಟು ದೊಡ್ಡ ಸರ್ಕಾರಿ ಕಂಪನಿಯೇ ಕೈಕಟ್ಟಿ ಕೂತಿತು ಅಂದಮೇಲೆ ಮಾತ್ರೆ ವ್ಯಾಪಾರಿಯ ಪಾಡೇನು.

ಮಲ್ನಾಡ್_ಮಳೆ
ಕುದುರೆಮುಖದ ಗಣಿ ಶುರುವಾದದ್ದೂ ಇರಾನಿನ ಸಾಲದಿಂದಲೇ. ಅಲ್ಲಿನ ದೊರೆ ಶಾ ಕಾಲದ ಒಪ್ಪಂದ. 1979ರಲ್ಲಿ ಕ್ರಾಂತಿ ಆದಮೇಲೆ ಅವರು ಅದಿರು ಒಯ್ಯಲಿಲ್ಲ. ಸುಮ್ನೆ ನೆನಪಾಯಿತು, ಹೇಳಿದೆ.

ನಿಜ_ಹೇಳ್ತೀನಿ
ಎಲ್ಲರೂ ಅಮೆರಿಕದ ಮೇಲೆ ಬೀಳುತ್ತಿದ್ದೀರಿ. ಇರಾನ್ ಸರ್ಕಾರದ ಕತೆ ಹೇಳಲಾ? 2012ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿ, ವಹೀದ್ ದಸ್ತ್‌ಜೆರ್ದಿ ಅಂತ, ಆ ಗಣರಾಜ್ಯದ ಮೊದಲ ಮಹಿಳಾ ಮಂತ್ರಿ. ಔಷಧಿಗೆ ಕೊಡಬೇಕಾದ ವಿದೇಶಿ ವಿನಿಮಯ ಕೊಡುತ್ತಿಲ್ಲ, ಐಷಾರಾಮಿ ಕಾರು ತರಿಸಲು ಮಾತ್ರ ಕೊಡುತ್ತಿದ್ದಾರೆ ಅಂತ ಬಹಿರಂಗವಾಗಿ ದೂರಿದರು. ಆ ಡಿಸೆಂಬರಿನಲ್ಲೇ ಅಧ್ಯಕ್ಷ ಅಹ್ಮದಿನೆಜಾದ್ ಅವರನ್ನು ಮನೆಗೆ ಕಳಿಸಿದರು. ಈಗ ಹೇಳಿ, ಮಗುವಿನ ಔಷಧಿ ಕಸಿದದ್ದು ಯಾರು?

ಗೋಡಂಬಿ
ಇಬ್ಬರೂ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಮಾಡಿದ್ದು ವಜಾ ಆಗುವುದಿಲ್ಲ. ಮೇಲಾಗಿ ಡಾಲರ್ ಕೊರತೆ ಬಂದಾಗಲೇ ಇಂಥ ಹಂಚಿಕೆಯ ಅಧಿಕಾರ ಸರ್ಕಾರದ ಕೈಗೆ ಬರುವುದು. ಕೊರತೆ ಮಾಡಿಸಿ, ಆಮೇಲೆ "ನೋಡಿ ಹೇಗೆ ಹಂಚುತ್ತಾರೆ" ಅನ್ನುವುದು ಯಾವ ನ್ಯಾಯ?

ನರ್ಸಮ್ಮ
ಇಪಿಡರ್ಮೊಲೈಸಿಸ್ ಬುಲ್ಲೋಸಾ ಅಂತ ಒಂದು ಕಾಯಿಲೆ ಇದೆ. ಹುಟ್ಟಿನಿಂದಲೇ ಚರ್ಮ ಎಷ್ಟು ನಾಜೂಕು ಅಂದರೆ ಬಟ್ಟೆ ಉಜ್ಜಿದರೂ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಮಾಮೂಲಿ ಗಾಜ್ ಹಾಕಿದರೆ ಅಂಟಿಕೊಂಡು, ತೆಗೆಯುವಾಗ ಚರ್ಮವೂ ಜೊತೆಗೆ ಬರುತ್ತದೆ. ಇದಕ್ಕೆ ಅಂತಲೇ ಅಂಟದ, ಮೆತ್ತನೆಯ ಸಿಲಿಕೋನ್ ಡ್ರೆಸ್ಸಿಂಗ್ ಬರುತ್ತದೆ. ಇರಾನಿನ ಮಕ್ಕಳಿಗೆ ಸ್ವೀಡನ್ನಿನ ಕಂಪನಿಯದ್ದು ಹೋಗುತ್ತಿತ್ತು. 2018ರ ನಿರ್ಬಂಧದ ನಂತರ ಆ ಕಂಪನಿ ಕಳಿಸುವುದನ್ನು ನಿಲ್ಲಿಸಿತು. ಹ್ಯೂಮನ್ ರೈಟ್ಸ್ ವಾಚ್ 2019ರ ವರದಿಯಲ್ಲಿ ಇದನ್ನು ಬರೆದಿದೆ.

ನಾನು ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಡ್ರೆಸ್ಸಿಂಗ್ ಬದಲಾಯಿಸುವ ಹೊತ್ತಿಗೆ ದೊಡ್ಡವರೇ ಕಿರುಚುತ್ತಾರೆ. ಮಕ್ಕಳಿಗೆ ದಿನಾ ಅದು. ನಿಮ್ಮ ಅಣು ಒಪ್ಪಂದದ ವಾದ ಏನೇ ಇರಲಿ, ಬ್ಯಾಂಡೇಜಿಗೆ ಯಾವ ರಾಜತಾಂತ್ರಿಕತೆ?

ಕಾನೂನು_ಕಟ್ಟೆ
ಒಂದು ಸೇರಿಸುತ್ತೇನೆ. 2018ರ ಅಕ್ಟೋಬರ್ 3ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಇರಾನಿನ ಪರ ಮಧ್ಯಂತರ ಆದೇಶ ಕೊಟ್ಟಿತ್ತು. ಔಷಧಿ, ಆಹಾರ, ವಿಮಾನ ಸುರಕ್ಷತೆಯ ಬಿಡಿಭಾಗ ಇವುಗಳಿಗೆ ಅಡ್ಡಿ ಮಾಡಬೇಡಿ, ಹಣ ಪಾವತಿಗೂ ಅಡ್ಡಿ ಬೇಡ ಅಂತ. ಅಮೆರಿಕ ಏನು ಮಾಡಿತು ಗೊತ್ತಾ? ಯಾವ ಹಳೆಯ ಸ್ನೇಹ ಒಪ್ಪಂದದ ಮೇಲೆ ಕೇಸ್ ನಿಂತಿತ್ತೋ ಆ 1955ರ ಒಪ್ಪಂದವನ್ನೇ ರದ್ದು ಮಾಡುತ್ತೇವೆ ಅಂತ ಅದೇ ದಿನ ಘೋಷಿಸಿತು. 2020ರ ಜನವರಿಯಲ್ಲಿ ಸ್ವಿಟ್ಜರ್‌ಲ್ಯಾಂಡ್ ಮೂಲಕ ಔಷಧಿಗೆ ಅಂತ ಒಂದು ಪಾವತಿ ದಾರಿ ತೆರೆದರು. ದಾರಿ ಇದೆ ಅಂತ ತೋರಿಸಲು ಸಾಕಾಯಿತು, ಅಷ್ಟೇ.

ಬೈಂದೂರು_ಅಣ್ಣ
ನೀವೆಲ್ಲ ಇರಾನ್ ಅನ್ನುತ್ತಿದ್ದೀರಿ. ನಿರ್ಬಂಧ ಅಂದರೆ ಏನು ಅಂತ ನಾವು ಇರಾಕಿನಲ್ಲಿ ಕಣ್ಣಾರೆ ನೋಡಿದವರು. 1990ರಲ್ಲಿ ನಾನು ಕುವೈತಿನಲ್ಲಿ ಹೋಟೆಲ್ ಕೆಲಸದಲ್ಲಿ ಇದ್ದೆ. ಆಗಸ್ಟ್ 2ಕ್ಕೆ ಸದ್ದಾಂ ನುಗ್ಗಿದ, 6ಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಬಂತು. ನಾವು ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್‌ಗೆ ಹೋದದ್ದು, ಅಲ್ಲಿಂದ ಏರ್ ಇಂಡಿಯಾ. ಬಾಗ್ದಾದಿನಲ್ಲಿ ಆಗಲೇ ರೊಟ್ಟಿ ಅಂಗಡಿ ಮುಂದೆ ಕ್ಯೂ. ಕುವೈತಿನಲ್ಲಿ ಸಿಕ್ಕಿಕೊಂಡ ನಮ್ಮವರಿಗೆ ಅಕ್ಕಿ ಬೇಳೆ ಕಳಿಸಲು ಭಾರತ ಸರ್ಕಾರವೂ ವಿಶ್ವಸಂಸ್ಥೆಯ ಸಮಿತಿಯ ಒಪ್ಪಿಗೆ ಕೇಳಬೇಕಾಯಿತು. ಕಂತೆಗಟ್ಟಲೆ ದುಡ್ಡು ಇದ್ದವನೂ ಅಲ್ಲಿ ಒಂದೇ, ಇಲ್ಲದವನೂ ಒಂದೇ.

ನಿಜ_ಹೇಳ್ತೀನಿ
ಅಣ್ಣ, ಕುವೈತನ್ನು ನುಂಗಿದವನಿಗೆ ಹಾರ ಹಾಕಬೇಕಿತ್ತಾ?

ಬೈಂದೂರು_ಅಣ್ಣ
ಅವನಿಗೆ ಯಾಕೆ ಹಾರ? ನನ್ನ ಸಂಬಳ, ಸಾಮಾನು ಎಲ್ಲ ಅಲ್ಲೇ ಹೋಯಿತು, ಅವನ ಮೇಲೆ ನನಗಿಂತ ಸಿಟ್ಟು ನಿಮಗಿದೆಯಾ? ಆದರೆ ನಿರ್ಬಂಧ ನಡೆದದ್ದು 2003ರ ತನಕ. ಅಷ್ಟು ವರ್ಷ ಅವನು ತೆಳ್ಳಗಾದದ್ದು ಯಾರಾದರೂ ನೋಡಿದ್ದೀರಾ? ಅರಮನೆ ಮೇಲೆ ಅರಮನೆ ಕಟ್ಟಿಸಿದ.

ಇತಿಹಾಸ_ಇಷ್ಟ
ಇರಾಕಿನ ಲೆಕ್ಕ ಬೇರೆಯೇ ಮಟ್ಟದ್ದು. ಇರಾನಿನ ಮೇಲೆ ಇರುವುದು ಹೆಚ್ಚಾಗಿ ಅಮೆರಿಕದ್ದು, ಇರಾಕಿನ ಮೇಲೆ ಇದ್ದದ್ದು ಇಡೀ ವಿಶ್ವಸಂಸ್ಥೆಯ ಬಂದ್. ರಫ್ತಿನ ಗಳಿಕೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ತೈಲದಿಂದ ಬರುತ್ತಿದ್ದ ದೇಶ, ತಿನ್ನುವ ಆಹಾರದ ಬಹುಪಾಲು ಹೊರಗಿನಿಂದ. ತೈಲ ಮಾರಬೇಡ ಅಂದರೆ ಕತ್ತು ಹಿಸುಕಿದಂತೆಯೇ. ಅದರ ಮೇಲೆ 1991ರ ಯುದ್ಧದಲ್ಲಿ ವಿದ್ಯುತ್ ಸ್ಥಾವರಗಳ ಮೇಲೆ ಬಾಂಬ್. ಕರೆಂಟ್ ಇಲ್ಲ ಅಂದರೆ ನೀರು ಶುದ್ಧ ಮಾಡುವ ಘಟಕ ಇಲ್ಲ, ಕೊಳಚೆ ಎತ್ತುವ ಪಂಪ್ ಇಲ್ಲ. ಮಕ್ಕಳಿಗೆ ಭೇದಿ ಶುರು. ಕ್ಲೋರಿನ್ ತರಿಸೋಣ ಅಂದರೆ ಅದರಿಂದ ರಾಸಾಯನಿಕ ಅಸ್ತ್ರ ಮಾಡಬಹುದು ಅಂತ ತಕರಾರು.

ಈ ನಿರ್ಬಂಧ ನೋಡಿಕೊಳ್ಳಲು ವಿಶ್ವಸಂಸ್ಥೆಯ 661 ಸಮಿತಿ ಅಂತ ಇತ್ತು, ಹದಿನೈದು ದೇಶ. ಒಂದು ದೇಶ ಬೇಡ ಅಂದರೂ ಸರಕು ನಿಲ್ಲುತ್ತದೆ. ತಡೆದವರು ಮುಖ್ಯವಾಗಿ ಅಮೆರಿಕ, ಬ್ರಿಟನ್. 2002ರ ಹೊತ್ತಿಗೆ ಹೀಗೆ ತಡೆಹಿಡಿದ ಸರಕಿನ ಮೊತ್ತ 500 ಕೋಟಿ ಡಾಲರ್ ದಾಟಿತ್ತು. ನೀರಿನ ಟ್ಯಾಂಕರ್ ಕೂಡ ಅದರಲ್ಲಿ.

ದಿನಾರ್ ಕತೆಯೂ ಹೇಳಬೇಕು. 1990ಕ್ಕೆ ಮುಂಚೆ ಸರ್ಕಾರಿ ದರದಲ್ಲಿ ಒಂದು ದಿನಾರ್‌ಗೆ ಮೂರು ಡಾಲರ್. 1995ರ ಹೊತ್ತಿಗೆ ಪೇಟೆಯಲ್ಲಿ ಒಂದು ಡಾಲರ್‌ಗೆ ಎರಡು ಮೂರು ಸಾವಿರ ದಿನಾರ್. ಸಂಬಳದ ಮೇಲೆ ಬದುಕುವ ಮೇಷ್ಟ್ರು, ಡಾಕ್ಟರು ಮನೆಯ ಪುಸ್ತಕ, ಪೀಠೋಪಕರಣ ಮಾರಿಕೊಂಡು ಊಟ ಮಾಡಿದರು. ಮಧ್ಯಮ ವರ್ಗವೇ ಎದ್ದುಹೋಯಿತು. ಸದ್ದಾಂನನ್ನು ಇಳಿಸಬಹುದಾಗಿದ್ದವರೇ ಅವರು ಅಲ್ವಾ? ಅವರೆಲ್ಲ ಸರ್ಕಾರದ ರೇಷನ್ ಚೀಟಿ ಹಿಡಿದು ನಿಂತರು.

ಕಾವೇರಿ_ತೀರ
ಐದು ಲಕ್ಷ ಮಕ್ಕಳು ಸತ್ತರು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮ್ಯಾಡಲಿನ್ ಆಲ್‌ಬ್ರೈಟ್ 1996ರಲ್ಲಿ ಟೀವಿಯಲ್ಲಿ ಕೂತು, ಆ ಬೆಲೆ ತೆತ್ತದ್ದು ಸರಿಯೇ ಅನ್ನುವ ಅರ್ಥದಲ್ಲಿ ಉತ್ತರಿಸಿದರು. ಇದಕ್ಕಿಂತ ಇನ್ನೇನು ಬೇಕು?

ಲೆಕ್ಕದ_ಮೇಷ್ಟ್ರು
ಆ ಉತ್ತರ ಕೊಟ್ಟದ್ದು ನಿಜ, ಮುಂದೆ ತಮ್ಮ ಆತ್ಮಕತೆಯಲ್ಲಿ ಅದಕ್ಕೆ ಪಶ್ಚಾತ್ತಾಪ ಪಟ್ಟದ್ದೂ ನಿಜ. ಆದರೆ ಐದು ಲಕ್ಷದ ಲೆಕ್ಕವನ್ನು ಹೀಗೆ ಬೀಸಾಡಬೇಡಿ.

ಟೀವಿಯಲ್ಲಿ ಬಂದ ಸಂಖ್ಯೆಗೆ ಮೂಲ 1995ರ ಒಂದು ಸಮೀಕ್ಷೆ. ಅದರಲ್ಲಿ ಕೆಲಸ ಮಾಡಿದವರೇ 1997ರಲ್ಲಿ ಅಷ್ಟು ಸಾವು ದೃಢಪಡುತ್ತಿಲ್ಲ ಎಂದು ಹಿಂದೆ ಸರಿದರು. ಆಮೇಲೆ 1999ರಲ್ಲಿ ಯುನಿಸೆಫ್ ಸಮೀಕ್ಷೆ ಬಂತು. ದಕ್ಷಿಣ ಮತ್ತು ಮಧ್ಯ ಇರಾಕಿನಲ್ಲಿ ಸಾವಿರ ಮಕ್ಕಳು ಹುಟ್ಟಿದರೆ ಐದು ವರ್ಷ ತುಂಬುವ ಮೊದಲು ಸಾಯುವವರು 56 ಇದ್ದದ್ದು 131ಕ್ಕೆ ಏರಿದೆ ಅಂತ. ಸದ್ದಾಂ ಬಿದ್ದ ಮೇಲೆ ನಡೆದ ಸಮೀಕ್ಷೆಗಳಲ್ಲಿ ಆ ಏರಿಕೆ ಕಾಣಲೇ ಇಲ್ಲ. 2017ರಲ್ಲಿ ಡೈಸನ್ ಮತ್ತು ಚೆಟೊರೆಲ್ಲಿ ಎಂಬ ಇಬ್ಬರು ಸಂಶೋಧಕರು, ಇರಾಕ್ ಸರ್ಕಾರವೇ 1999ರ ಅಂಕಿ ತಿದ್ದಿಸಿತ್ತು ಅಂತ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಾದಿಸಿದರು. ಮಕ್ಕಳ ಸಾವನ್ನು ಪ್ರಚಾರಕ್ಕೆ ಬಳಸಿದ್ದು ಸದ್ದಾಂ.

ನಿಜ_ಹೇಳ್ತೀನಿ
ಮೇಷ್ಟ್ರೇ, ನಿಮಗೆ ಒಂದು ಕಾಫಿ ನನ್ನ ಕಡೆಯಿಂದ.

ಲೆಕ್ಕದ_ಮೇಷ್ಟ್ರು
ಕಾಫಿ ಆಮೇಲೆ. ನಾನು ನಿಮ್ಮ ಪರ ಮಾತಾಡುತ್ತಿಲ್ಲ. ಸಾವಿನ ಸಂಖ್ಯೆ ಸುಳ್ಳಾದರೆ ಸಂಕಟವೂ ಸುಳ್ಳು ಅಂತ ಆಗುವುದಿಲ್ಲ. ಹಸಿವು, ಕಾಯಿಲೆ, ಶಾಲೆ ಬಿಟ್ಟ ಮಕ್ಕಳು, ಇದನ್ನೆಲ್ಲ ಅಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿಗಳೇ ಕಂಡಿದ್ದಾರೆ. ಡೆನಿಸ್ ಹ್ಯಾಲಿಡೇ 1998ರಲ್ಲಿ ನಿರ್ಬಂಧ ವಿರೋಧಿಸಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಅದೇ ಕಾರಣಕ್ಕೆ ಬಿಟ್ಟರು. ಮಾನವೀಯ ಕಾರ್ಯಕ್ರಮ ನಡೆಸಲು ಕಳಿಸಿದವರೇ ಇದು ನಮ್ಮಿಂದಾಗದು ಅಂದರೆ ಏನರ್ಥ? ಆದರೆ ಸಂಖ್ಯೆ ಉಬ್ಬಿಸಿದರೆ ನಾಳೆ ನಿಜ ಹೇಳಿದಾಗಲೂ ಯಾರೂ ನಂಬುವುದಿಲ್ಲ.

ಹುಬ್ಬಳ್ಳಿ_ಹೈದ
ಆಹಾರಕ್ಕಾಗಿ ತೈಲ ಯೋಜನೆ ಇತ್ತಲ್ರೀ? ತೈಲ ಮಾರಿ ಊಟ ತರಿಸಬಹುದಿತ್ತು.

ಇತಿಹಾಸ_ಇಷ್ಟ
ಇತ್ತು. 1991ರಲ್ಲೇ ಅಂಥ ಪ್ರಸ್ತಾಪ ಬಂದಿತ್ತು, ಸದ್ದಾಂ ಒಪ್ಪಲಿಲ್ಲ. 1996ರಲ್ಲಿ ಒಪ್ಪಿದ, ಮೊದಲ ಆಹಾರ ತಲುಪಿದ್ದು 1997ರ ಮಾರ್ಚಿನಲ್ಲಿ. ನಡುವಿನ ಆ ವರ್ಷಗಳ ಪಾಪ ಅವನ ಲೆಕ್ಕಕ್ಕೇ. ಆದರೆ ತೈಲದ ದುಡ್ಡು ಪೂರ್ತಿ ಊಟಕ್ಕೆ ಹೋಗುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ನೂರಕ್ಕೆ ಮೂವತ್ತು ಕುವೈತ್ ಯುದ್ಧದ ಪರಿಹಾರಕ್ಕೆ ಕಡಿತ, ಮೇಲೆ ವಿಶ್ವಸಂಸ್ಥೆಯ ಖರ್ಚು. ಸದ್ದಾಂ ಕಂಪನಿಗಳಿಂದ ಲಂಚ ಎತ್ತಿದ. ಈ ಯೋಜನೆಯ ಅವ್ಯವಹಾರ ತನಿಖೆ ಮಾಡಿದ 2005ರ ವೋಲ್ಕರ್ ವರದಿ ಪ್ರಕಾರ ಸುಮಾರು 180 ಕೋಟಿ ಡಾಲರ್. ಆ ವರದಿಯಲ್ಲಿ ಹೆಸರು ಬಂದದ್ದಕ್ಕೇ ನಮ್ಮ ವಿದೇಶಾಂಗ ಮಂತ್ರಿ ನಟವರ್ ಸಿಂಗ್ ಖಾತೆ ಕಳೆದುಕೊಂಡದ್ದು. ತಪ್ಪು ಮಾಡಿಲ್ಲ ಅಂತ ಅವರು ವಾದಿಸಿದರು, ಅದು ಬೇರೆ ವಿಷಯ.

ಬೈಂದೂರು_ಅಣ್ಣ
ನನಗೂ ಆ ಪರಿಹಾರದ ಹಣ ಬಂತು. ಜಿನೀವಾದಲ್ಲಿ ಆಯೋಗ ಇತ್ತು, ಅರ್ಜಿ ಹಾಕಿದ ಎಷ್ಟೋ ವರ್ಷದ ಮೇಲೆ ಸಿಕ್ಕಿತು. ಬೈಂದೂರು, ಭಟ್ಕಳ, ಉಡುಪಿ ಕಡೆ ತುಂಬ ಜನರಿಗೆ ಬಂದಿದೆ. ಅದು ಇರಾಕಿನ ತೈಲದ ದುಡ್ಡೇ ಅಂತ ಆಗ ಯಾರು ಯೋಚನೆ ಮಾಡಿದರು. ನಮ್ಮದೂ ನಷ್ಟವೇ ತಾನೆ.

ರಿಟೈರ್ಡ್_ಇಂಜಿನಿಯರ್
ನಿರ್ಬಂಧ ನಮ್ಮ ಮೇಲೂ ಹಾಕಿದ್ದರು, ನಾವು ಸತ್ತೆವಾ? 1998ರಲ್ಲಿ ಪೋಖ್ರಾನ್ ಆದಮೇಲೆ, ಬೆಂಗಳೂರಿನ ಎಲ್‌ಸಿಎ ಯುದ್ಧವಿಮಾನದ ಹಾರಾಟ ನಿಯಂತ್ರಣದ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದ ನಮ್ಮವರನ್ನು ವಾಪಸ್ ಕಳಿಸಿದರು, ಉಪಕರಣ ಅಲ್ಲೇ ಇಟ್ಟುಕೊಂಡರು. ನಾವೇ ಮಾಡಿ ಮುಗಿಸಿದೆವು. 2001ರ ಜನವರಿ 4ಕ್ಕೆ ಹಾರಿಸಿದೆವು. ನಿರ್ಬಂಧ ಒಂದು ದೇಶವನ್ನು ಗಟ್ಟಿ ಮಾಡುತ್ತದೆ.

ನರ್ಸಮ್ಮ
ಸರ್, ನಿಮ್ಮ ಕೆಲಸಕ್ಕೆ ನಮಸ್ಕಾರ. ಆದರೆ ಅದು ತಂತ್ರಜ್ಞಾನಕ್ಕೆ ಹಾಕಿದ ಬೀಗ, ಊಟಕ್ಕೆ ಅಲ್ಲ. 1998ರಲ್ಲಿ ನಿಮ್ಮ ಬೀದಿಯ ಮೆಡಿಕಲ್ ಶಾಪ್ ಖಾಲಿ ಆಗಿತ್ತಾ?

ಇತಿಹಾಸ_ಇಷ್ಟ
ಇನ್ನೂ ತಮಾಷೆ ಇದೆ. ಆ 1998ರ ನಿರ್ಬಂಧ ಪಾಕಿಸ್ತಾನದ ಮೇಲೂ ಇತ್ತು, ಅದರಲ್ಲಿ ಅಮೆರಿಕದ ಕೃಷಿ ಸಾಲವೂ ನಿಂತಿತ್ತು. ಪಾಕಿಸ್ತಾನ ತಮ್ಮ ಗೋಧಿ ಬಿಟ್ಟು ಬೇರೆಯವರ ಹತ್ತಿರ ಕೊಂಡುಬಿಡುತ್ತದೆ ಅಂತ ಅಲ್ಲಿನ ಗೋಧಿ ರೈತರು ಗಲಾಟೆ ಮಾಡಿದರು. ಎರಡೇ ತಿಂಗಳಲ್ಲಿ, ಜುಲೈನಲ್ಲಿ, ಅದಕ್ಕೆ ವಿನಾಯಿತಿ ಕೊಡುವ ಕಾನೂನು ಪಾಸಾಯಿತು. ತಮ್ಮ ರೈತನಿಗೆ ನಷ್ಟ ಅಂದಾಗ ವಿನಾಯಿತಿ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ನೋಡಿ.

ಮಾತ್ರೆ_ವ್ಯಾಪಾರಿ
ಸುಬ್ಬು ಅವರೇ, ನಿಮ್ಮ ಮೂಲ ವಿಷಯಕ್ಕೆ. ಕೊರಿಯರ್ ನಂಬಬೇಡಿ, ಎಷ್ಟೋ ಕಂಪನಿಗಳು ಇರಾನ್ ಪಾರ್ಸೆಲ್ ಮುಟ್ಟುವುದೇ ಇಲ್ಲ. ಇಲ್ಲಿಂದ ಊರಿಗೆ ಹೋಗುವ ಇರಾನಿ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಅಲ್ಲಿನ ಡಾಕ್ಟರ ಚೀಟಿ, ಇಲ್ಲಿನ ಬಿಲ್ ಎರಡನ್ನೂ ಜೊತೆಗಿಟ್ಟು, ಒಬ್ಬರಿಗೆ ಬೇಕಾಗುವಷ್ಟೇ ಕಳಿಸಿ. ಅಲ್ಲಿನ ಕಸ್ಟಮ್ಸ್ ನಿಯಮ ಏನು ಅಂತ ಅವನೇ ಮೊದಲು ವಿಚಾರಿಸಲಿ. ಇಂಜೆಕ್ಷನ್ ಆದರೆ ಯಾವ ಉಷ್ಣತೆಯಲ್ಲಿ ಇಡಬೇಕು ಅಂತ ಪೆಟ್ಟಿಗೆ ಮೇಲೆ ನೋಡಿಕೊಳ್ಳಿ.

ಸುಬ್ಬು_ಸರಸ್ವತೀಪುರಂ
ಸರಿ ಸರ್. ಅವನ ಹಳೇ ಗೆಳೆಯನೊಬ್ಬ ಇನ್ನೂ ಇಲ್ಲೇ ಪಿಎಚ್‌ಡಿ ಮಾಡುತ್ತಿದ್ದಾನೆ, ಕೇಳುತ್ತೇನೆ.

ಹುಬ್ಬಳ್ಳಿ_ಹೈದ
ಅಮೆರಿಕಕ್ಕೆ ಬೈಯುವುದು ಸುಲಭ ರೀ. 2015ರಲ್ಲಿ ನೇಪಾಳ? ಭೂಕಂಪ ಆಗಿ ಐದು ತಿಂಗಳಿಗೆ ಭಾರತದ ಕಡೆಯ ಗಡಿ ಬಂದ್. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಔಷಧಿ ಇಲ್ಲ. ಐದು ವರ್ಷದೊಳಗಿನ ಮೂವತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಚಳಿಗಾಲದಲ್ಲಿ ಅಪಾಯ ಅಂತ ಯುನಿಸೆಫ್ ಎಚ್ಚರಿಸಿತ್ತು.

ನಿಜ_ಹೇಳ್ತೀನಿ
ಅದು ನೇಪಾಳದ ದಕ್ಷಿಣ ಬಯಲಿನ ಮಧೇಸಿಗಳ ಪ್ರತಿಭಟನೆ. ಭಾರತ ಯಾವ ದಿಗ್ಬಂಧನವನ್ನೂ ಹಾಕಿರಲಿಲ್ಲ, ಸರ್ಕಾರವೇ ಹೇಳಿದೆ.

ಗೋಡಂಬಿ
ಅಮೆರಿಕವೂ ಔಷಧಿಗೆ ನಿರ್ಬಂಧ ಹಾಕಿಲ್ಲ ಅಂತ ಸರ್ಕಾರವೇ ಹೇಳಿದೆ.

ನಿಜ_ಹೇಳ್ತೀನಿ
ಎರಡೂ ಒಂದೇನಾ? ಸುಮ್ನೆ ಮಾತಿಗೆ ಮಾತು.

ಕಾನೂನು_ಕಟ್ಟೆ
ನಮ್ಮ ದೇಶದ ನಿಲುವಿನ ಬಗ್ಗೆ ಇದೂ ಗೊತ್ತಿರಲಿ. 2022ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ 2664ನೇ ನಿರ್ಣಯ ತಂದಿತು. ವಿಶ್ವಸಂಸ್ಥೆಯ ಆಸ್ತಿ ಮುಟ್ಟುಗೋಲು ಎಲ್ಲೇ ಇರಲಿ, ಮಾನವೀಯ ನೆರವಿಗೆ ಅದು ಅಡ್ಡಿ ಆಗಬಾರದು ಅಂತ. ಹದಿನಾಲ್ಕು ದೇಶ ಪರ, ಭಾರತ ಒಂದೇ ತಟಸ್ಥ. ಪಕ್ಕದ ದೇಶದ ಉಗ್ರ ಗುಂಪುಗಳು ದತ್ತಿ ಸಂಸ್ಥೆಯ ವೇಷದಲ್ಲಿ ಇದನ್ನು ದುರುಪಯೋಗ ಮಾಡುತ್ತವೆ ಅನ್ನುವುದು ನಮ್ಮ ಕಾರಣ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಅದೇ ವರ್ಷ ತಾಲಿಬಾನ್ ಆಳುವ ಅಫ್ಘಾನಿಸ್ತಾನಕ್ಕೆ ಅಟ್ಟಾರಿ ಗಡಿಯಿಂದ ಗೋಧಿ ಲಾರಿ ಕಳಿಸಿದವರೂ ನಾವೇ.

ಕಾವೇರಿ_ತೀರ
ಲೆಕ್ಕದ ಮೇಷ್ಟ್ರಿಗೆ: 2025ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ 152 ದೇಶಗಳ ಅಧ್ಯಯನ ಬಂದಿದೆ. ಏಕಪಕ್ಷೀಯ ನಿರ್ಬಂಧಗಳಿಂದ ವರ್ಷಕ್ಕೆ ಸುಮಾರು 5.64 ಲಕ್ಷ ಸಾವು ಅಂತ. ಇದನ್ನೂ ಸದ್ದಾಂ ತಿದ್ದಿದನಾ?

ಲೆಕ್ಕದ_ಮೇಷ್ಟ್ರು
ಓದಿದ್ದೇನೆ. ಅದು ತಲೆ ಎಣಿಸಿದ್ದಲ್ಲ, 1971ರಿಂದ 2021ರ ತನಕದ ಅಂಕಿಗಳಿಂದ ಅಂದಾಜು ಮಾಡಿದ್ದು. ಅದೇ ಅಧ್ಯಯನದಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳಿಗೆ ಅಂಥ ಸ್ಪಷ್ಟ ಪರಿಣಾಮ ಕಾಣಲಿಲ್ಲ, ಅದನ್ನೂ ಹೇಳಿ. ಆದರೆ ತೆಗೆದು ಹಾಕುವಂಥ ಕೆಲಸ ಅಲ್ಲ, ಸತ್ತವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು ಅನ್ನುತ್ತದೆ.

ನಿಜ_ಹೇಳ್ತೀನಿ
ಹಾಗಾದರೆ ನಿರ್ಬಂಧವೇ ಬೇಡ ಅನ್ನಿ. ದಕ್ಷಿಣ ಆಫ್ರಿಕಾದ ವರ್ಣಭೇದ ಏನು ಮಂತ್ರದಿಂದ ಹೋಯಿತಾ? 1946ರಲ್ಲಿ ಎಲ್ಲರಿಗಿಂತ ಮೊದಲು ವ್ಯಾಪಾರ ನಿಲ್ಲಿಸಿದ್ದು ನಾವೇ. ಯುದ್ಧ ಬೇಡ, ನಿರ್ಬಂಧ ಬೇಡ. ಮತ್ತೆ ಏನು, ಪತ್ರ ಬರೆಯೋಣವಾ?

ಗೋಡಂಬಿ
ಒಳ್ಳೆಯ ಪ್ರಶ್ನೆ, ಮೊದಲ ಸಲ ಕೇಳಿದ್ದೀರಿ. ವ್ಯತ್ಯಾಸ ಇಷ್ಟು: ದಕ್ಷಿಣ ಆಫ್ರಿಕಾದಲ್ಲಿ ತುಳಿತಕ್ಕೆ ಒಳಗಾದವರ ನಾಯಕರೇ ನಿರ್ಬಂಧ ಹಾಕಿ, ಕಷ್ಟ ನಾವು ತಡೆದುಕೊಳ್ಳುತ್ತೇವೆ ಅಂತ ಜಗತ್ತನ್ನು ಕೇಳಿದರು. ಬಾಗ್ದಾದಿನ ಮೇಷ್ಟ್ರನ್ನು ಯಾರು ಕೇಳಿದರು?

ಲೆಕ್ಕದ_ಮೇಷ್ಟ್ರು
ಬಾಗ್ದಾದಿನಲ್ಲಿ ಹೇಗೆ ಕೇಳುತ್ತೀರಿ ಮೇಡಂ? ಬಾಯಿ ಬಿಟ್ಟವರು ಜೈಲಿನಲ್ಲಿ. ಕೇಳಿಯೇ ಹಾಕಬೇಕು ಅಂದರೆ ಅತಿ ಕ್ರೂರ ಸರ್ಕಾರಗಳ ಮೇಲೆ ಯಾವತ್ತೂ ಹಾಕುವ ಹಾಗಿಲ್ಲ.

ಗೋಡಂಬಿ
ಹಾಕಿ, ಯಾರು ಬೇಡ ಅಂದರು. ಮಂತ್ರಿಗಳ ವಿದೇಶಿ ಖಾತೆ ಹಿಡಿಯಿರಿ, ಸೇನಾಧಿಕಾರಿಗಳ ವೀಸಾ ನಿಲ್ಲಿಸಿ, ಶಸ್ತ್ರ ಮಾರಬೇಡಿ. ಔಷಧಿಗೆ ಅಂತ ಒಂದು ಬ್ಯಾಂಕನ್ನು ಹೆಸರಿಸಿ, "ಇದರ ಮೂಲಕ ಹೋದರೆ ದಂಡ ಹಾಕುವುದಿಲ್ಲ" ಅಂತ ಬರಹದಲ್ಲಿ ಕೊಡಿ. ಅಷ್ಟಾದರೂ ಮಾಡಬಹುದಲ್ವಾ?

ಮಾತ್ರೆ_ವ್ಯಾಪಾರಿ
ಬರಹದಲ್ಲಿ ಕೊಟ್ಟರೆ ಸಾಲದು ಮೇಡಂ, ಆ ಬ್ಯಾಂಕಿನಲ್ಲಿ ದುಡ್ಡೂ ಇರಬೇಕು. ತೈಲ ಮಾರಲು ಬಿಡದೆ ಔಷಧಿ ಕೊಳ್ಳಲು ಬಿಟ್ಟರೆ ಕೊಳ್ಳುವುದು ಯಾವುದರಲ್ಲಿ? ಆ ಖಾತೆಗೆ ತೈಲದ ಒಂದು ಪಾಲು ಬರುವ ಹಾಗೆ ಮಾಡಬೇಕು.

ಹುಬ್ಬಳ್ಳಿ_ಹೈದ
ಅಂದರೆ ಮತ್ತೆ ಆಹಾರಕ್ಕಾಗಿ ತೈಲ. ಮತ್ತೆ ಲಂಚ, ಮತ್ತೆ ವೋಲ್ಕರ್ ವರದಿ.

ಮಾತ್ರೆ_ವ್ಯಾಪಾರಿ
ಇರಲಿ ಬಿಡಿ. ಲಂಚ ಹೊಡೆದರೂ ಆ ಯೋಜನೆಯಲ್ಲಿ ಹಿಟ್ಟು ಮನೆಗೆ ಬಂತಲ್ಲ.